ಹಸುಗೂಸಿನ ಮೇಲೆ ಹಾಡುವ ಹಾಡು: ಯೆಕ್ವಾನಾ ಭಾಷೆಯ ಒಂದು ಪದದ ಬೇರು



ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಹಿರಿಯರು ಪ್ರೌಢಶಾಲೆಯಲ್ಲಿ ವ್ಯಾಕರಣ ಹೇಳಿಕೊಡುತ್ತಿದ್ದವರು. ವರ್ಷಕ್ಕೊಮ್ಮೆ ಯಾರಾದರೂ ಬಂದು ಒಂದೇ ಒಂದು ಪದದ ಬಗ್ಗೆ ಒಂದು ಗಂಟೆ ಮಾತಾಡಬೇಕು ಎಂಬುದು ಅವರ ಷರತ್ತು. ಒಳ್ಳೆಯ ಷರತ್ತು. ಒಂದು ಪದಕ್ಕೆ ಒಂದು ಗಂಟೆ ಎಂದರೆ ಯಾರಿಗೂ ಜಾರಿಕೊಳ್ಳಲು ದಾರಿಯಿಲ್ಲ. ನಾನು ಆರಿಸಿಕೊಂಡ ಪದ ಮಾತ್ರ ಈ ಊರಿನಿಂದ ಬಹಳ ದೂರದ್ದು. ದಕ್ಷಿಣ ಅಮೆರಿಕದ ಒರಿನೋಕೊ ನದಿಯ ಮೇಲ್ದಂಡೆಯ ಕಾಡುಗಳಲ್ಲಿ ಬದುಕುವ ಯೆಕ್ವಾನಾ ಜನರದ್ದು. ಅವರಲ್ಲಿ ಮಗು ಹುಟ್ಟಿದಾಗ ಹಾಡುವ ಒಂದು ಬಗೆಯ ಹಾಡಿದೆ. ಅದನ್ನು ಕರೆಯುವ ಪದ ಎಲ್ಲಿಂದ ಬಂತು ಎಂಬುದು ಇವತ್ತಿನ ಪ್ರಶ್ನೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಪಾಠ ಮಾಡುತ್ತಿದ್ದ ಕಾಲದಲ್ಲಿ ಲೋಕದ ಬೇರೆ ಬೇರೆ ಭಾಷೆಗಳ ಪದಗಳನ್ನು ಚೌಕದ ಕಾರ್ಡುಗಳ ಮೇಲೆ ಬರೆದಿಡುವ ಅಭ್ಯಾಸ ನನಗಿತ್ತು. ಮೇಲೆ ಪದ, ಕೆಳಗೆ ಕನ್ನಡದ ಅರ್ಥ. ಯೆಕ್ವಾನಾ ಕಾರ್ಡಿನಲ್ಲಿ ಹಸುಗೂಸಿನ ಹಾಡು ಎಂಬುದರ ಎದುರು ಸಲೀಸಾಗಿ ‘ಜೋಗುಳ’ ಎಂದು ಬರೆದಿದ್ದೆ. ಅದನ್ನೇ ಕರಿಹಲಗೆಯ ಮೇಲೂ ಬರೆದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ಅಜ್ಜಿ ಊರಲ್ಲಿ ಸೂಲಗಿತ್ತಿ. “ಸರ್, ಜೋಗುಳ ಮಗು ಕೇಳಲಿ ಅಂತ ಹಾಡೋದು. ಇದನ್ನ ಯಾರು ಕೇಳಲಿ ಅಂತ ಹಾಡ್ತಾರೆ?” ಎಂದಳು. ಉತ್ತರ ನನ್ನಲ್ಲಿ ಇರಲಿಲ್ಲ. ಗಂಟೆ ಹೊಡೆಯಿತು, ಬಚಾವಾದೆ. ಪ್ರಶ್ನೆ ಮಾತ್ರ ಉಳಿಯಿತು. ಇವತ್ತು ನಾನು ಹೇಳುವುದೆಲ್ಲ ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ.

ಯೆಕ್ವಾನಾ ಜನ ಯಾರು? ವೆನೆಜುವೆಲಾದ ಅಮೆಜೋನಾಸ್ ಮತ್ತು ಬೊಲಿವಾರ್ ರಾಜ್ಯಗಳಲ್ಲಿ ಕೌರಾ, ಎರೆಬಾತೊ, ವೆಂತುವಾರಿ, ಕುನುಕುನುಮಾ, ಪದಾಮೊ ನದಿಗಳ ಉದ್ದಕ್ಕೂ ಇವರ ಊರುಗಳಿವೆ. ಗಡಿ ದಾಟಿದರೆ ಬ್ರೆಜಿಲಿನ ರೊರೈಮಾ ರಾಜ್ಯದಲ್ಲಿ ಔಆರಿಸ್ ನದಿಯ ಬಳಿ ಕೆಲವು ನೂರು ಮಂದಿ. ವೆನೆಜುವೆಲಾದ 2011ರ ಜನಗಣತಿಯಲ್ಲಿ ಇವರ ಸಂಖ್ಯೆ ಸುಮಾರು 8 ಸಾವಿರ. ನಮ್ಮ ಒಂದು ದೊಡ್ಡ ಹಳ್ಳಿಯಷ್ಟು ಜನ, ಒಂದು ರಾಜ್ಯದಷ್ಟು ಕಾಡು. ಹಳೆಯ ಪುಸ್ತಕಗಳಲ್ಲಿ ಇವರನ್ನು ಮಾಕಿರಿತಾರೆ ಎನ್ನುತ್ತಾರೆ. ಅದು ಬೇರೆಯವರು ಇಟ್ಟ ಹೆಸರು. ಬ್ರೆಜಿಲಿನಲ್ಲಿ ಮಯೊಂಗೊಂಗ್ ಎನ್ನುವ ಇನ್ನೊಂದು ಹೆಸರು, ಅದೂ ಬೇರೆಯವರದ್ದೇ. ಯೆಕ್ವಾನಾ ಎಂಬುದನ್ನು ಮರ, ನೀರು, ಜನ ಎಂಬ ಮೂರು ತುಂಡುಗಳಾಗಿ ಬಿಡಿಸಿ, ನೀರಿನಲ್ಲಿ ಮರವಿರುವ ಜನ, ಅಂದರೆ ದೋಣಿಯ ಜನ ಎಂದು ವಿವರಿಸುವುದುಂಟು. ಒಂದೇ ಮರದ ಬೊಡ್ಡೆಯನ್ನು ಕೊರೆದು, ಬೆಂಕಿಯ ಕಾವಿನಲ್ಲಿ ಅಗಲಿಸಿ ದೋಣಿ ಮಾಡುವುದರಲ್ಲಿ ಆ ಕಾಡಿನಲ್ಲಿ ಇವರನ್ನು ಮೀರಿಸಿದವರಿಲ್ಲ. ಹಾಗಾಗಿ ಆ ವಿವರಣೆ ಚೆನ್ನಾಗಿ ಹೊಂದುತ್ತದೆ. ತೀರಾ ಚೆನ್ನಾಗಿ ಹೊಂದುವ ವ್ಯುತ್ಪತ್ತಿಯನ್ನು ಕಂಡರೆ ನನಗೆ ಸ್ವಲ್ಪ ಗುಮಾನಿ. ಅದು ವೃತ್ತಿದೋಷ ಎಂದು ಬಿಟ್ಟುಬಿಡಿ.

ತಮ್ಮನ್ನು ತಾವು ಕರೆದುಕೊಳ್ಳಲು ಅವರು ಬಳಸುವ ಇನ್ನೊಂದು ಪದ ಸೊತೊ. ನಡುವೆ ಗಂಟಲನ್ನು ಚಣಹೊತ್ತು ಕಟ್ಟಿ ಬಿಡಬೇಕು: ಸೊ, ತೊ. ಸೊತೊ ಎಂದರೆ ಮನುಷ್ಯ. ಸೊತೊ ಎಂದರೆ ಇಪ್ಪತ್ತು ಕೂಡ. ಕೈಯ ಹತ್ತು ಬೆರಳು, ಕಾಲಿನ ಹತ್ತು ಬೆರಳು ಸೇರಿದರೆ ಒಬ್ಬ ಮನುಷ್ಯ. ಈ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇಪ್ಪತ್ತು ಬೆರಳು ಹುಟ್ಟುವಾಗಲೇ ಇರುತ್ತವೆ. ಆದರೆ ಇಪ್ಪತ್ತು ಬೆರಳಿದ್ದ ಮಾತ್ರಕ್ಕೆ ಕೂಸು ಸೊತೊ ಆಗಿಬಿಡುವುದಿಲ್ಲ. ಹಾಡಿಗೆ ಕೆಲಸ ಇರುವುದು ಅಲ್ಲೇ.

ಈಗ ಪದಕ್ಕೆ ಬರೋಣ. ಹಾಡಿಗೆ ಯೆಕ್ವಾನಾದಲ್ಲಿ ಮುಖ್ಯವಾಗಿ ಎರಡು ಪದಗಳಿವೆ: ಅಚುದಿ ಮತ್ತು ಅದೇಮಿ. ಅದೇಮಿ ಊರಿಗೆ ಊರೇ ಸೇರಿ ಹಾಡುವುದು. ಹೊಸ ದುಂಡುಮನೆ ಕಟ್ಟಿ ಮುಗಿಸಿದಾಗ, ಹೊಸ ತೋಟ ಮಾಡಿದಾಗ, ಮರಗೆಣಸಿನ ಹುಳಿ ಕಳ್ಳು ಯಾರಾಕೆಯನ್ನು ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ತುಂಬಿಟ್ಟು, ಹಗಲು ರಾತ್ರಿ ಎನ್ನದೆ ದಿನಗಟ್ಟಲೆ ನಡೆಯುವ ಹಾಡು. ಹಾಡುಗಾರ ಒಂದು ಸಾಲು ಹೇಳುತ್ತಾನೆ, ಕಲಿಯುತ್ತಿರುವವರು ಹಿಂದೆಯೇ ಅದನ್ನು ಹೇಳುತ್ತಾರೆ, ಉಳಿದವರು ಸುತ್ತು ಹಾಕಿ ಕುಣಿಯುತ್ತಾರೆ. ಅಚುದಿ ಹಾಗಲ್ಲ. ಅದು ಬಲ್ಲವನೊಬ್ಬ ಒಂದು ಜೀವದ ಮೇಲೆ, ಒಂದು ವಸ್ತುವಿನ ಮೇಲೆ, ತಗ್ಗಿದ ದನಿಯಲ್ಲಿ ಹಾಡಿ ಉಸಿರು ಊದುವಂಥದ್ದು. ಮಗು ಹುಟ್ಟಿದಾಗ, ಹುಡುಗಿ ಮೈನೆರೆದಾಗ, ಯಾರಾದರೂ ಹಾಸಿಗೆ ಹಿಡಿದಾಗ, ಹೊಸ ಆಹಾರವನ್ನು ಮೊದಲ ಸಲ ಬಾಯಿಗೆ ಇಡುವಾಗ ಹಾಡುವುದು ಇದನ್ನು. ಹಾಡು ಬಲ್ಲವನನ್ನು ಹಾಡಿನ ಒಡೆಯ ಎನ್ನುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಡೇವಿಡ್ ಗಸ್ ಅದನ್ನು ಐಚುದಿಯಾಹಾ ಎಂದು ಬರೆದುಕೊಂಡರು. ಹಾಡುಗಾರ, ಕವಿ, ಮಂತ್ರವಾದಿ ಯಾವುದೂ ಅಲ್ಲ, ‘ಒಡೆಯ’. ಹಾಡು ಒಂದು ಸ್ವತ್ತು. ಕಲಿಯಲು ವರ್ಷಗಟ್ಟಲೆ ಬೇಕು, ಕಲಿತ ಮೇಲೆ ಕಾಯಬೇಕು.

ಬರಹದ ಬಗ್ಗೆ ಒಂದು ಮಾತು. ಈ ಪದಗಳನ್ನು ಬೇರೆ ಬೇರೆ ಪುಸ್ತಕಗಳಲ್ಲಿ ಹುಡುಕಿದವರು ತಲೆ ಚಚ್ಚಿಕೊಳ್ಳುತ್ತಾರೆ. ಒಬ್ಬರು ಅಚುದಿ ಎಂದರೆ ಇನ್ನೊಬ್ಬರು ಐಚುದಿ, ಮತ್ತೊಬ್ಬರು ಐಚುರಿ.  ಬರೆದವರ ಮೇಲೆ ಸಿಟ್ಟಾಗಬೇಡಿ. ಆ ಭಾಷೆಯ ಒಂದು ಧ್ವನಿ ನಾಲಿಗೆ ತುದಿಯಿಂದ ಒಮ್ಮೆ ತಟ್ಟಿ ಹೊರಬೀಳುತ್ತದೆ. ಸ್ಪ್ಯಾನಿಷ್ ಕಿವಿಗೆ ಅದು ಒಮ್ಮೆ ದಕಾರ, ಒಮ್ಮೆ ರಕಾರ. ನಮ್ಮ ಹಳಗನ್ನಡದ ಱಕಾರ, ೞಕಾರಗಳು ಹೇಗೆ ಕೇಳುತ್ತಿದ್ದವು ಎಂದು ನಾವು ಇವತ್ತಿಗೂ ಜಗಳ ಆಡುತ್ತಿಲ್ಲವೇ? ಇಲ್ಲೂ ಹಾಗೆಯೇ. ಆದರೆ ಈ ದ–ರ ಗೊಂದಲವೇ ಪದದ ಬೇರಿಗೆ ದಾರಿ ತೋರಿಸುತ್ತದೆ.

ಯೆಕ್ವಾನಾ ಸೇರಿದ್ದು ಕಾರಿಬ್ ಭಾಷಾಕುಟುಂಬಕ್ಕೆ. ಇವತ್ತು ಬದುಕಿರುವ ಕಾರಿಬ್ ಭಾಷೆಗಳು ಸುಮಾರು 25. ಕರೀಬಿಯನ್ ಸಮುದ್ರದ ಹೆಸರು ಕಾರಿಬ್ ಜನರಿಂದಲೇ ಬಂದದ್ದು. ಅದಕ್ಕಿಂತ ಕೆಟ್ಟದ್ದೆಂದರೆ, ಇಂಗ್ಲಿಷಿನಲ್ಲಿ ನರಭಕ್ಷಕರಿಗೆ ಇರುವ ‘ಕ್ಯಾನಿಬಲ್’ ಎಂಬ ಪದವೂ ಕೊಲಂಬಸ್ ತಪ್ಪಾಗಿ ಕೇಳಿಸಿಕೊಂಡ ಇವರ ಹೆಸರೇ. ಒಂದು ಜನಾಂಗದ ಹೆಸರು ಯೂರೋಪಿಗೆ ಹೋಗಿ ಬೈಗುಳವಾಯಿತು. ಪದದ ಮೂಲ ಹುಡುಕುವ ಕೆಲಸದಲ್ಲಿ ಇಂಥವು ಎಡವಿದಲ್ಲೆಲ್ಲ ಸಿಗುತ್ತವೆ.

ಈ ಕಾರಿಬ್ ಭಾಷೆಗಳೆಲ್ಲ ಒಂದೇ ಕುಟುಂಬ ಎಂದು ಗುರುತಿಸಿದವರು ಒಬ್ಬ ಇಟಲಿಯ ಪಾದ್ರಿ, ಫಿಲಿಪ್ಪೊ ಸಾಲ್ವತೋರೆ ಜೀಲಿ. ಒರಿನೋಕೊ ದಂಡೆಯಲ್ಲಿ ತಮನಾಕೊ ಎಂಬ ಕಾರಿಬ್ ಜನರ ನಡುವೆ 18 ವರ್ಷ ಇದ್ದರು. 1767ರಲ್ಲಿ ಸ್ಪೇನಿನ ದೊರೆ ಜೆಸ್ಯೂಟರನ್ನೆಲ್ಲ ಹೊರಗಟ್ಟಿದಾಗ ಇಟಲಿಗೆ ಮರಳಿ, ನೆನಪಿನಿಂದ ಮತ್ತು ಟಿಪ್ಪಣಿಗಳಿಂದ ನಾಲ್ಕು ಸಂಪುಟಗಳನ್ನು ಬರೆದರು. 1780ರಿಂದ 84ರವರೆಗೆ ಅವು ಅಚ್ಚಾದವು. ಒಂದು ಕಾರಿಬ್ ಭಾಷೆಯ ಧ್ವನಿಗೆ ಇನ್ನೊಂದರಲ್ಲಿ ಯಾವ ಧ್ವನಿ ನೇಮವಾಗಿ ಬರುತ್ತದೆ ಎಂಬುದನ್ನು ಅವರು ಅಲ್ಲಿ ತೋರಿಸಿದ್ದಾರೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ನಂಟಿನ ಬಗ್ಗೆ ವಿಲಿಯಂ ಜೋನ್ಸ್ ಕಲಕತ್ತೆಯಲ್ಲಿ ಮಾತಾಡಿದ್ದು 1786ರಲ್ಲಿ. ಕನ್ನಡ, ತಮಿಳು, ತೆಲುಗುಗಳು ಬೇರೆಯೇ ಒಂದು ಕುಟುಂಬ ಎಂದು ಬ್ರಿಟಿಷ್ ಅಧಿಕಾರಿ ಎಲ್ಲಿಸ್ ಮದರಾಸಿನಲ್ಲಿ ಬರೆದದ್ದು 1816ರಲ್ಲಿ. ಭಾಷಾಶಾಸ್ತ್ರದ ಚರಿತ್ರೆಯನ್ನು ಕಲಕತ್ತೆಯಿಂದ ಶುರುಮಾಡುವ ಪಠ್ಯಪುಸ್ತಕಗಳನ್ನು ನಾನೂ ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಒರಿನೋಕೊದ ಆ ಪಾದ್ರಿಗೆ ಅಲ್ಲಿ ಒಂದು ಪ್ಯಾರಾ ಕೊಟ್ಟಿದ್ದರೂ ಸಾಕಿತ್ತು.

ಧ್ವನಿಯ ನೇಮ ಎಂದರೆ ಏನು ಎಂದು ನಿಮಗೆ ವಿವರಿಸಬೇಕಾಗಿಲ್ಲ. ನಮ್ಮ ‘ಹಾಡು’ ಹಳಗನ್ನಡದಲ್ಲಿ ‘ಪಾಡು’. ತಮಿಳಿನಲ್ಲಿ, ತೆಲುಗಿನಲ್ಲಿ ಇವತ್ತಿಗೂ ‘ಪಾಡು’. ಹಾಲು–ಪಾಲು, ಹೆಸರು–ಪೆಸರು ಹೀಗೆ ಸಾಲುಸಾಲಾಗಿ ಸಿಗುವುದರಿಂದ ಅದು ಆಕಸ್ಮಿಕವಲ್ಲ. ಈಗ ಕಾರಿಬ್ ಕಡೆ ನೋಡಿ. ವೆನೆಜುವೆಲಾದ ಸ್ಪ್ಯಾನಿಷಿನಲ್ಲಿ ಒಂಟಿಮರದ ದೋಣಿಗೆ ಕುರಿಯಾರಾ ಎನ್ನುತ್ತಾರೆ. ಅದು ಕಾರಿಬ್ ಮೂಲದ ಪದ. ಯೆಕ್ವಾನಾದಲ್ಲಿ ಅದೇ ದೋಣಿ ಕುದಿಯಾದಾ. ರಕಾರ ಇದ್ದಲ್ಲೆಲ್ಲ ದಕಾರ. ಇದೇ ಬೀಗದ ಕೈಯನ್ನು ಅಚುದಿಯ ಜೊತೆಪದವಾದ ‘ಅದೇಮಿ’ಗೆ ಹಾಕಿ ತಿರುಗಿಸಿ. ಕರಾವಳಿಯ ಕಾರಿನ್ಯಾ ಭಾಷೆಯಲ್ಲಿ ‘ಅರೆಮಿ’ ಎಂಬ ಪದ ಸಿಗುತ್ತದೆ. ಸುರಿನಾಮ್ ಮತ್ತು ಫ್ರೆಂಚ್ ಗಯಾನಾದ ವಯಾನಾ ಜನರಲ್ಲಿ ‘ಎಲೆಮಿ’. ಯೆಕ್ವಾನಾ ನೆಲದ ಪೂರ್ವಕ್ಕೆ, ಚಪ್ಪಟೆ ತಲೆಯ ಬೆಟ್ಟಗಳ ಸೀಮೆಯ ಪೆಮೊನ್ ಭಾಷೆಯಲ್ಲಿ ‘ಎರೆಮುಕ್’. ಎಲ್ಲವೂ ಹಾಡು. ಸಾವಿರಾರು ಕಿಲೋಮೀಟರು ಹರಡಿದ ನೆಂಟರು ಒಂದೇ ಮುಖಚಹರೆ ಹೊತ್ತು ನಿಂತಿದ್ದಾರೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ನೆಂಟರ ಅರ್ಥ ಒಂದೇ ಅಲ್ಲ. ಪೆಮೊನ್‌ನಲ್ಲಿ ಎರೆಮುಕ್ ಎಂದರೆ ಸಾಮಾನ್ಯವಾಗಿ ಯಾವುದೇ ಹಾಡು. ಕಾರಿನ್ಯಾದ ಅರೆಮಿ ಅಷ್ಟು ಸಾಧಾರಣವಲ್ಲ, ಅದು ಮಾಂತ್ರಿಕನ ಹಾಡು. ವಯಾನಾ ಎಲೆಮಿಗೂ ಅದೇ ಭಾರ: ಗುಣ ಮಾಡುವುದೂ ಅದೇ, ಕೇಡು ಮಾಡುವುದೂ ಅದೇ. ಹಾಗಾದರೆ ಪೆಮೊನ್ ಜನಕ್ಕೆ ಶಕ್ತಿಯುಳ್ಳ ಮಾತು ಇಲ್ಲವೇ? ಇದೆ, ಅದಕ್ಕೆ ಅವರು ತಾರೆನ್ ಎಂಬ ಬೇರೆ ಪದ ಇಟ್ಟುಕೊಂಡಿದ್ದಾರೆ. ತಾರೆನ್ ಹೇಳಿ ಊದುವುದು, ರೋಗ ಇಳಿಸುವುದು. ಕಾಪುಚಿನ್ ಪಾದ್ರಿ ಸೆಸಾರೆಯೊ ದೆ ಅರ್ಮೆಯ್ಯಾದಾ ಆ ತಾರೆನ್‌ಗಳನ್ನು ಸಂಗ್ರಹಿಸಿ 1972ರಲ್ಲಿ ಒಂದು ಪುಸ್ತಕವನ್ನೇ ಹೊರತಂದರು. ಪೆಮೊನರ ನೆರೆಯ ಅಕವಾಯೊ ಜನರ ಊದುವ ಮಂತ್ರದ ಬಗ್ಗೆ ಮಾನವಶಾಸ್ತ್ರಜ್ಞೆ ಆಡ್ರಿ ಬಟ್ 1956ರಲ್ಲೇ ಬರೆದಿದ್ದರು. ಒಂದು ಭಾಷೆಯಲ್ಲಿ ಹಳೆಯ ಪದ ಬಿಗಿಯಾಗಿ ಉಳಿಯುತ್ತದೆ, ಇನ್ನೊಂದರಲ್ಲಿ ಸಡಿಲಾಗಿ ಬೀದಿಗೆ ಬರುತ್ತದೆ. ಬಿಗಿಯ ಕೆಲಸಕ್ಕೆ ಮತ್ತೊಂದು ಪದ ಮುಂದೆ ಬರುತ್ತದೆ. ಯೆಕ್ವಾನಾದಲ್ಲಿ ಎರಡು ಪದಗಳೂ ಬಿಗಿಯಾಗಿಯೇ ಉಳಿದವು, ಕೆಲಸ ಮಾತ್ರ ಹಂಚಿಕೊಂಡವು: ಊರಿಗೆ ಅದೇಮಿ, ಒಂದು ಜೀವಕ್ಕೆ ಅಚುದಿ.

ಕೂಸಿನ ಹಾಡಿನ ಹೆಸರಿನಲ್ಲಿ ಕೂಸನ್ನು ಹುಡುಕಬೇಡಿ ಎನ್ನುವುದು ನನ್ನ ವಾದದ ಗಂಟು. ಬೇರು ಇರುವುದು ಹಾಡಿನಲ್ಲಿ. ಹೊಸ ಬುಟ್ಟಿಯ ಮೇಲೂ, ಹೊರಗಿನಿಂದ ಬಂದ ಸಾಮಾನಿನ ಮೇಲೂ, ರೋಗಿಯ ಮೇಲೂ, ಕೂಸಿನ ಮೇಲೂ ಅದೇ ಕೆಲಸ ನಡೆಯುತ್ತದೆ. ನಮ್ಮ ಭಾಷೆಯಲ್ಲಿ ಜೋಗುಳ ಎಂದ ಕೂಡಲೇ ತೊಟ್ಟಿಲು ಕಣ್ಣೆದುರು ಬರುತ್ತದೆ. ಅಲ್ಲಿ ಅಚುದಿ ಎಂದರೆ ತೊಟ್ಟಿಲು ಬರುವುದಿಲ್ಲ. ಹೊಸದಾಗಿ ಬಂದ ಏನೋ ಒಂದು ಬರುತ್ತದೆ, ಇನ್ನೂ ಮುಟ್ಟಬಾರದ್ದು.

ಇದನ್ನು ಅರ್ಥ ಮಾಡಿಕೊಳ್ಳಲು ಪದಕೋಶವನ್ನು ಮುಚ್ಚಿಟ್ಟು ಅವರ ಅಡಿಗೆಮನೆಗೆ ಹೋಗಬೇಕು. ಯೆಕ್ವಾನಾ ಜನರ ಊಟ ಕಹಿ ಮರಗೆಣಸು. ನಾವು ತಿನ್ನುವ ಸಿಹಿ ಜಾತಿ ಅಲ್ಲ, ಹಸಿಯಾಗಿ ತಿಂದರೆ ಜೀವ ತೆಗೆಯುವ, ಸಯನೈಡಿನ ಅಂಶವಿರುವ ಜಾತಿ. ಹೆಂಗಸರು ತೋಟದಿಂದ ಗೆಡ್ಡೆಗಳನ್ನು ಬೆನ್ನಿನ ಬುಟ್ಟಿಯಲ್ಲಿ, ಹಣೆಗೆ ಪಟ್ಟಿ ಕಟ್ಟಿಕೊಂಡು ಹೊತ್ತು ತರುತ್ತಾರೆ. ಸಿಪ್ಪೆ ಕೆರೆದು, ಚೂಪು ಕಲ್ಲಿನ ಚೂರುಗಳನ್ನು ಸಾಲಾಗಿ ನೆಟ್ಟ ಹಲಗೆಯ ಮೇಲೆ ತುರಿಯುತ್ತಾರೆ. ಒದ್ದೆ ತುರಿಯನ್ನು ಒಂದು ಉದ್ದನೆಯ ಹೆಣೆದ ಕೊಳವೆಯೊಳಗೆ ತುಂಬುತ್ತಾರೆ. ವೆನೆಜುವೆಲಾದ ಜನ ಅದನ್ನು ಸೆಬುಕಾನ್ ಎನ್ನುತ್ತಾರೆ. ನೋಡಲು ಹೊಟ್ಟೆ ತುಂಬಿದ ಹಾವಿನ ಹಾಗೆ. ತುಂಬಿದಾಗ ಅದು ಗಿಡ್ಡವಾಗಿ ದಪ್ಪವಾಗುತ್ತದೆ. ಮೇಲಿನ ತುದಿಯನ್ನು ತೊಲೆಗೆ ಸಿಕ್ಕಿಸಿ, ಕೆಳಗಿನ ತುದಿಯ ಕುಣಿಕೆಯಲ್ಲಿ ಒಂದು ಗಳ ತೂರಿಸಿ, ಆ ಗಳದ ಮೇಲೆ ಹೆಂಗಸು ಕೂರುತ್ತಾಳೆ. ಅವಳ ಭಾರಕ್ಕೆ ಹೆಣಿಗೆ ಉದ್ದಕ್ಕೆ ಎಳೆದುಕೊಂಡು ಸಣ್ಣಗಾಗುತ್ತದೆ, ವಿಷದ ಹಾಲು ತೊಟ್ಟಿಕ್ಕುತ್ತದೆ. ಉಳಿದ ಹಿಟ್ಟನ್ನು ಜರಡಿ ಹಿಡಿದು ಅಗಲವಾದ ಕಾವಲಿಯ ಮೇಲೆ ದೊಡ್ಡ ರೊಟ್ಟಿ ಬಡಿಯುತ್ತಾರೆ. ದಿನದಿನವೂ ಇದೇ. ವಿಷದಿಂದ ಊಟ ತೆಗೆಯುವುದು ಆ ಮನೆಯ ನಿತ್ಯದ ಕೆಲಸ.

ಡೇವಿಡ್ ಗಸ್ ಅವರ ‘ಟು ವೀವ್ ಅಂಡ್ ಸಿಂಗ್’ ಎಂಬ ಪುಸ್ತಕ 1989ರಲ್ಲಿ ಬಂತು. ಅವರು ಯೆಕ್ವಾನಾ ಊರಿಗೆ ಹೋದದ್ದು ಕಥೆ ಬರೆದುಕೊಳ್ಳಲು. ಸಂಜೆ ಕೂತು ಯಾರಾದರೂ ಮೊದಲಿನಿಂದ ಕೊನೆಯವರೆಗೆ ಪುರಾಣ ಹೇಳುತ್ತಾರೆ ಎಂದು ಅವರು ಕಾದರು. ಯಾರೂ ಹೇಳಲಿಲ್ಲ. ಕಥೆ ಹೇಳುವ ಹೊತ್ತು ಎಂಬುದೇ ಅಲ್ಲಿ ಇರಲಿಲ್ಲ. ಕಡೆಗೆ ಗಂಡಸರ ಜೊತೆ ಕೂತು ಬುಟ್ಟಿ ಹೆಣೆಯಲು ಕಲಿತರು. ಆ ಸಮಾಜದಲ್ಲಿ ಬುಟ್ಟಿ ಹೆಣೆಯಲು ಬಾರದವನನ್ನು ಬೆಳೆದ ಗಂಡಸು ಎಂದು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಕೈಯಲ್ಲಿ ಬೆತ್ತದ ಸೀಳು ಆಡತೊಡಗಿದ ಮೇಲೆ ಕಥೆಗಳು ಎಲ್ಲಿಂದೆಲ್ಲಿಂದಲೋ ತುಂಡುತುಂಡಾಗಿ ಬೀಳತೊಡಗಿದವು. ಆಗ ಅವರಿಗೆ ಹೊಳೆದದ್ದು: ಬುಟ್ಟಿ, ಮನೆ, ತೋಟ, ಹಾಡು ಎಲ್ಲವೂ ಮಾಡುವುದು ಒಂದೇ ಕೆಲಸ. ಹೊರಗಿನ ಕಾಡು ವಸ್ತುವನ್ನು, ವಿಷ ಇರುವುದನ್ನು, ಮನುಷ್ಯರ ಬಳಕೆಗೆ ತರುವುದು. ಸೆಬುಕಾನ್ ಗೆಡ್ಡೆಗೆ ಮಾಡುವುದನ್ನೇ ಹಾಡು ಉಳಿದವಕ್ಕೆ ಮಾಡುತ್ತದೆ.

ಸರಿ, ಗೆಡ್ಡೆಯಲ್ಲಿ ವಿಷವಿದೆ. ಹಸುಗೂಸಿನಲ್ಲಿ ಏನಿದೆ? ಇದಕ್ಕೆ ಅವರ ವತುನ್ನಾದಲ್ಲಿ ಉತ್ತರವಿದೆ. ವತುನ್ನಾ ಎಂದರೆ ಅವರ ಸೃಷ್ಟಿಕಥೆಗಳ ಒಟ್ಟು ಮೊತ್ತ. ಮಾರ್ಕ್ ದೆ ಸಿವ್ರಿಯು ಎಂಬವರು ಅದನ್ನು ಕೇಳಿ ಬರೆದು 1970ರಲ್ಲಿ ಸ್ಪ್ಯಾನಿಷಿನಲ್ಲಿ ಪ್ರಕಟಿಸಿದರು. 1980ರಲ್ಲಿ ಗಸ್ ಅದನ್ನು ಇಂಗ್ಲಿಷಿಗೆ ತಂದರು. ಕಥೆಯನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮೇಲೆ ಆಕಾಶದಲ್ಲಿ ವನಾದಿ ಇದ್ದಾನೆ. ಅಲ್ಲಿ ಬೆಳಕು ಆರುವುದಿಲ್ಲ, ಸಾವಿಲ್ಲ. ಕೆಳಗೆ ಭೂಮಿಯಲ್ಲಿ ಜನ ಮಾಡೋಣ ಎಂದು ತನ್ನದೇ ಒಂದು ರೂಪವನ್ನು ಕಳಿಸುತ್ತಾನೆ. ಹಾಗೆ ಮೊದಲು ಬಂದವನು ಸೆರುಹೆ ಯನಾದಿ. ಅವನು ಹುಟ್ಟಿ ಬಂದವನಾದ್ದರಿಂದ ಅವನಿಗೂ ಹೊಕ್ಕುಳಬಳ್ಳಿ, ಮಾಸು ಇದ್ದವು. ಬಳ್ಳಿ ಕತ್ತರಿಸಿದ, ಮಾಸನ್ನು ಮಣ್ಣಿನಲ್ಲಿ ಹೂತ. ಅಷ್ಟೇ ಅವನು ಮಾಡಿದ ತಪ್ಪು. ಹುಳುಗಳು ನುಗ್ಗಿದವು, ಮಾಸು ಕೊಳೆಯಿತು. ಆ ಕೊಳೆತದ್ದರಿಂದ ಒಬ್ಬ ಎದ್ದು ಬಂದ, ಮೈತುಂಬ ಕೂದಲಿನ, ಕುರೂಪದ ಒದೋಶಾ. ಅವನಿಗೆ ವನಾದಿಯ ಮೇಲೆ ಹೊಟ್ಟೆಕಿಚ್ಚು, ಭೂಮಿಗೆ ತಾನೇ ಒಡೆಯನಾಗಬೇಕೆಂಬ ಆಸೆ. ಜನರ ಕಿವಿಯಲ್ಲಿ ಕೆಡುಕಿನ ಮಾತು ಉಸುರಿದ, ಕೊಲ್ಲಲು ಕಲಿಸಿದ. ಅಂದಿನಿಂದ ಇಂದಿನವರೆಗೂ ಅವನ ಕಡೆಯವರು ಕಾಡಿನಲ್ಲಿ, ನೀರಿನಲ್ಲಿ, ಬಂಡೆಯಲ್ಲಿ ಹೊಂಚು ಹಾಕಿ ಕೂತಿದ್ದಾರೆ.

ನಾನು ಓದಿದ ಸೃಷ್ಟಿಕಥೆಗಳಲ್ಲಿ ಕೆಡುಕಿನ ಹುಟ್ಟಿಗೆ ಇಷ್ಟು ಮನೆವಾರ್ತೆಯ ಕಾರಣ ಇನ್ನೊಂದು ಸಿಕ್ಕಿಲ್ಲ. ಗರ್ವವಲ್ಲ, ಶಾಪವಲ್ಲ, ಹಣ್ಣು ತಿಂದದ್ದಲ್ಲ. ಒಂದು ಹೆರಿಗೆಯ ನಂತರದ ಕೆಲಸ ಸರಿಯಾಗಿ ಆಗಲಿಲ್ಲ, ಅಷ್ಟೇ. ಪ್ರಪಂಚದ ಎಲ್ಲ ತಾಪತ್ರಯ ಶುರುವಾದದ್ದು ಬಾಣಂತಿ ಕೋಣೆಯಲ್ಲಿ. ಸೂಲಗಿತ್ತಿ ಅಜ್ಜಿಯ ಮೊಮ್ಮಗಳಿಗೆ ಇದು ನನಗಿಂತ ಬೇಗ ಅರ್ಥವಾಗುತ್ತಿತ್ತು. ಪ್ರತಿ ಹೆರಿಗೆಯಲ್ಲೂ ಆ ಮೊದಲ ಹೆರಿಗೆ ಮತ್ತೆ ನಡೆಯುತ್ತದೆ. ಒಂದು ಕಡೆ ಕೂಸು, ಇನ್ನೊಂದು ಕಡೆ ಕೂಸಿನ ಜೊತೆಗೆ ಬಂದದ್ದು. ಈ ಎರಡರ ನಡುವೆ ಒದೋಶಾನ ಜನ ನುಗ್ಗಬಾರದು. ಹಾಗಾಗಿ ಹಾಡು.

ಹಾಡನ್ನು ಯಾರು ಕೇಳಲಿ ಅಂತ ಹಾಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿ ಕಾಣಿಸತೊಡಗುತ್ತದೆ. ಕೂಸಿನ ಕಿವಿಗಲ್ಲ. ಸುತ್ತ ಇರುವ ಕಾಣದವರ ಕಿವಿಗೆ. ಅದಕ್ಕೇ ಈ ಹಾಡುಗಳ ಮಾತು ದಿನಬಳಕೆಯ ಯೆಕ್ವಾನಾ ಅಲ್ಲ. ಹಾಡು ಕಲಿಯದ ಯೆಕ್ವಾನಾ ಮನುಷ್ಯನಿಗೇ ಅದರ ಬಹುಭಾಗ ತಿಳಿಯುವುದಿಲ್ಲ. ಅದರ ತುಂಬ ಹೆಸರುಗಳು, ಒಂದಾದ ಮೇಲೊಂದು. ಯಾವುದರ ಮೇಲೆ ಹಾಡುತ್ತಾರೋ ಅದು ಎಲ್ಲಿಂದ ಬಂತು, ಅದರ ಒಡೆಯರು ಯಾರು ಎಂದು ಬಲ್ಲವನು ಹಾಡುತ್ತಾ ಕರೆಯುತ್ತಾನೆ. ಹೆಸರು ತಪ್ಪಿದರೆ ಕೆಲಸ ಕೆಟ್ಟಿತು. ಹಾಡಿನ ಒಡೆತನ ಎಂದರೆ ಹೆಸರುಗಳ ಒಡೆತನ. ಅಂದರೆ ಅವರಿಗೂ ‘ಮೂಲ’ದ ಬಗ್ಗೆ ನಮ್ಮಷ್ಟೇ, ನಮಗಿಂತ ಹೆಚ್ಚೇ, ಆಸಕ್ತಿ. ನಾವು ಪದದ ಮೂಲ ಹುಡುಕಿ ಕಾರ್ಡಿನ ಮೇಲೆ ಬರೆದು ಪೆಟ್ಟಿಗೆಗೆ ಹಾಕುತ್ತೇವೆ. ಅವರು ಮೂಲವನ್ನು ಗಟ್ಟಿಯಾಗಿ ಹೇಳಿ ಒಂದು ಕೂಸನ್ನು ಉಳಿಸಿಕೊಳ್ಳುತ್ತಾರೆ.

ಹೆರಿಗೆಯಾದ ಮನೆಯಲ್ಲಿ ಹಾಡಿನ ಜೊತೆ ಇನ್ನೊಂದು ನಡೆಯುತ್ತದೆ. ತಾಯಿ ಮಾತ್ರವಲ್ಲ, ತಂದೆಯೂ ಪಥ್ಯ ಹಿಡಿಯುತ್ತಾನೆ. ಕೆಲವು ತಿನಿಸು ತಿನ್ನುವಂತಿಲ್ಲ, ಭಾರದ ಕೆಲಸ ಮಾಡುವಂತಿಲ್ಲ. ಅಮೆಜಾನ್ ಸೀಮೆಯ ಅನೇಕ ಜನಗಳಲ್ಲಿ ಈ ಪದ್ಧತಿ ಇದೆ. ಯೂರೋಪಿನ ಪಂಡಿತರು ಇದಕ್ಕೆ ‘ಕುವಾದ್’ ಎಂಬ ಫ್ರೆಂಚ್ ಪದ ಹಚ್ಚಿದರು. ಮಾನವಶಾಸ್ತ್ರಜ್ಞ ಟೈಲರ್ 1865ರಲ್ಲಿ ಅದನ್ನು ಚಾಲ್ತಿಗೆ ತಂದರು. ಆ ಫ್ರೆಂಚ್ ಧಾತುವಿನ ಅರ್ಥ ಕೋಳಿ ಕಾವಿಗೆ ಕೂರುವುದು. ಗಂಡಸು ಕಾವಿಗೆ ಕೂತ ಎಂದು ಅವರಿಗೆ ನಗು. ಟ್ರಿಯೊ ಎಂಬ ಇನ್ನೊಂದು ಕಾರಿಬ್ ಜನರ ನಡುವೆ ಕೆಲಸ ಮಾಡಿದ ಪೀಟರ್ ರಿವಿಯೇರ್ 1974ರಲ್ಲಿ ಬರೆದ ಮೇಲೆ ಆ ನಗು ಕಡಿಮೆಯಾಯಿತು: ತಂದೆ ಹೆರಿಗೆಯನ್ನು ಅಣಕಿಸುತ್ತಿಲ್ಲ, ಮೈಯ ಹುಟ್ಟಿನ ನಂತರ ಆಗಬೇಕಾದ ಜೀವಾತ್ಮದ ಹುಟ್ಟಿಗೆ ದುಡಿಯುತ್ತಿದ್ದಾನೆ. ನನಗೆ ಆ ವಿವರಣೆ ಒಪ್ಪಿಗೆ. ಅದು ಯೆಕ್ವಾನಾ ಹಾಡಿನ ಜೊತೆಗೂ ಕೂಡುತ್ತದೆ. ಹೆತ್ತದ್ದು ತಾಯಿ. ಸೊತೊ ಮಾಡುವುದಕ್ಕೆ ತಂದೆಯ ಪಥ್ಯವೂ ಒಡೆಯನ ಹಾಡೂ ಬೇಕು.

ಯೆಕ್ವಾನಾ ಕೂಸುಗಳು ಲೋಕಪ್ರಸಿದ್ಧ ಎಂದರೆ ನಿಮಗೆ ಅಚ್ಚರಿಯಾಗಬಹುದು. ಜೀನ್ ಲೀಡ್ಲಾಫ್ ಎಂಬ ಅಮೆರಿಕದ ಮಹಿಳೆ ವಜ್ರ ಹುಡುಕುವ ತಂಡದ ಜೊತೆ ಆ ಕಾಡಿಗೆ ಹೋಗಿ, ಕೂಸುಗಳನ್ನು ಸದಾ ಸೊಂಟದ ಮೇಲೆ ಹೊತ್ತಿರುವ ತಾಯಂದಿರನ್ನು ನೋಡಿ, 1975ರಲ್ಲಿ ‘ದಿ ಕಂಟಿನ್ಯುಯಮ್ ಕಾನ್ಸೆಪ್ಟ್’ ಎಂಬ ಪುಸ್ತಕ ಬರೆದರು. ಅದನ್ನು ಓದಿ ಪಾಶ್ಚಾತ್ಯ ತಾಯಂದಿರು ಮಕ್ಕಳನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ತಿರುಗಲು ಶುರುಮಾಡಿದರು. ಒಳ್ಳೆಯದೇ. ನಮ್ಮ ಅಜ್ಜಿಯರು ಸೆರಗಿನಲ್ಲಿ ಕಟ್ಟಿಕೊಂಡು ಮಾಡುತ್ತಿದ್ದುದಕ್ಕೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬೇಕಾಯಿತು ಎಂಬುದು ಬೇರೆ ಮಾತು. ಲೋಕ ಅವರಿಂದ ಹೊರುವುದನ್ನು ತಗೊಂಡಿತು, ಹಾಡುವುದನ್ನು ಬಿಟ್ಟಿತು. ಹೊರುವುದನ್ನು ಅಂಗಡಿಯಲ್ಲಿ ಮಾರಬಹುದು.

ಹಾಡನ್ನು ಹಿಡಿಯಲು ಪ್ರಯತ್ನ ನಡೆಯದೇ ಇಲ್ಲ. ಜರ್ಮನಿಯ ಥಿಯೋಡೋರ್ ಕಾಖ್–ಗ್ರೂನ್‌ಬರ್ಗ್ 1911ರಿಂದ 13ರವರೆಗೆ ರೊರೈಮಾ ಬೆಟ್ಟದಿಂದ ಒರಿನೋಕೊವರೆಗೆ ಪ್ರಯಾಣ ಮಾಡಿದರು. ದೋಣಿಯಲ್ಲಿ ಕ್ಯಾಮೆರಾಗಳ ಜೊತೆಗೆ ಎಡಿಸನ್ ಬಗೆಯ ಫೋನೋಗ್ರಾಫೂ ಇತ್ತು. ಮೇಣದ ಉರುಳೆಗಳ ಮೇಲೆ ಅವರು ಮಾಕುಶಿ, ತೌಲಿಪಾಂಗ್, ಯೆಕ್ವಾನಾ ಜನರ ಹಾಡು ಕೆತ್ತಿಸಿಕೊಂಡು ಬಂದರು. ಬರ್ಲಿನ್ನಿನಲ್ಲಿ ಸಂಗೀತಶಾಸ್ತ್ರಜ್ಞ ಹಾರ್ನ್‌ಬಾಸ್ಟೆಲ್ ಅವನ್ನು ಕೇಳಿ ಸ್ವರ ಹಾಕಿ ಬರೆದ ಅಧ್ಯಯನ 1923ರಲ್ಲಿ ಅಚ್ಚಾಯಿತು. ಉರುಳೆಗಳು ಬರ್ಲಿನ್ ಧ್ವನಿ ಸಂಗ್ರಹದಲ್ಲಿ ಇವತ್ತಿಗೂ ಇವೆ. ಆ ಸಂಗ್ರಹ 1999ರಲ್ಲಿ ಯುನೆಸ್ಕೊದ ಜಗತ್ತಿನ ನೆನಪು ಪಟ್ಟಿಗೆ ಸೇರಿತು. ಒಂದು ಉರುಳೆಯಲ್ಲಿ ಹಿಡಿಯುವುದು ಎರಡು ಮೂರು ನಿಮಿಷ. ದಿನಗಟ್ಟಲೆ ಹಾಡುವ ಮನುಷ್ಯ ಆ ಕೊಳವೆಯ ಎದುರು ಬಗ್ಗಿ ಕೂತು, ಶುರು ಮಾಡುವಷ್ಟರಲ್ಲಿ ಸೂಜಿ ತುದಿಗೆ ಬಂದಿರುತ್ತದೆ. ನನ್ನ ಕಾರ್ಡಿನಲ್ಲಿ ಪದಕ್ಕೆ ಇದ್ದ ಜಾಗವೂ ಅಷ್ಟೇ ಅಲ್ಲವೇ ಎಂದು ಆ ಚಿತ್ರ ನೆನಪಾದಾಗಲೆಲ್ಲ ಅಂದುಕೊಳ್ಳುತ್ತೇನೆ.

ಈ ಹಾಡು ಉಳಿದು ಬಂದದ್ದೂ ಸಣ್ಣ ಮಾತಲ್ಲ. ಸ್ಪೇನಿನ ಗಡಿ ಆಯೋಗ 18ನೇ ಶತಮಾನದ ನಡುವೆ ಮೇಲಿನ ಒರಿನೋಕೊಗೆ ಬಂತು, ಕೋಟೆಗಳು ಎದ್ದವು. 1776ರಲ್ಲಿ ಯೆಕ್ವಾನಾ ಜನ ನೆರೆಯವರ ಜೊತೆಗೂಡಿ ಆ ಕೋಟೆಗಳನ್ನು ಸುಟ್ಟು ಸ್ಪೇನಿನವರನ್ನು ಓಡಿಸಿದರು. 20ನೇ ಶತಮಾನದ ಮೊದಲಲ್ಲಿ ರಬ್ಬರಿನ ದುರಾಸೆ ಬಂತು. 1913ರಿಂದ 1921ರವರೆಗೆ ಸಾನ್ ಫೆರ್ನಾಂದೊ ದೆ ಅತಬಾಪೊದಲ್ಲಿ ಕೂತು ಆಳಿದ ತೊಮಾಸ್ ಫುನೆಸ್‌ನ ಆಳುಗಳು ಊರೂರನ್ನೇ ಕೊಂದರು. ಆಮೇಲೆ ಮಿಷನರಿಗಳು. ಈಗ ಚಿನ್ನದ ಗಣಿಯವರು. ವೆನೆಜುವೆಲಾದ 1999ರ ಸಂವಿಧಾನ ಮೂಲನಿವಾಸಿಗಳ ಭಾಷೆಗಳಿಗೆ ಅವರವರ ನಡುವೆ ಅಧಿಕೃತ ಸ್ಥಾನ ಕೊಟ್ಟಿತು. ಔಆರಿಸ್ ಕಡೆ ಹಾಡು ಕಲಿಯುವ ಹುಡುಗರು ಈಗ ನೋಟ್‌ಬುಕ್ಕುಗಳಲ್ಲಿ ಬರೆದುಕೊಳ್ಳುತ್ತಾರೆ, ಹಿರಿಯರ ಹಾಡನ್ನು ರೆಕಾರ್ಡ್ ಮಾಡಿಕೊಂಡು ಮತ್ತೆ ಮತ್ತೆ ಕೇಳುತ್ತಾರೆ. ಹಿಂದೆ ಹಿರಿಯನ ಪಕ್ಕ ಕೂತು ಅವನ ಬಾಯಿಯಿಂದಲೇ ಕಲಿಯಬೇಕಿತ್ತು. ಹೆಸರುಗಳ ಪಟ್ಟಿ ಉದ್ದ, ಹಿರಿಯರ ಆಯುಸ್ಸು ಗಿಡ್ಡ. ಪುಸ್ತಕಕ್ಕೆ ಇಳಿದ ಹಾಡಿಗೆ ಒಡೆಯ ಯಾರು ಎಂಬ ಪ್ರಶ್ನೆಯನ್ನು ಅವರವರೇ ಬಗೆಹರಿಸಿಕೊಳ್ಳಬೇಕು. ಅದರಲ್ಲಿ ನಮ್ಮಂಥವರು ಮೂಗು ತೂರಿಸಬಾರದು. ನಾನು ಇವತ್ತು ಆ ಹಾಡಿನ ಒಂದು ಸಾಲನ್ನೂ ನಿಮಗೆ ಹೇಳಲಿಲ್ಲ ಎಂಬುದನ್ನು ಗಮನಿಸಿರಬಹುದು. ಅದು ನನ್ನ ಸ್ವತ್ತಲ್ಲ.

ಈ ಉಪನ್ಯಾಸಕ್ಕೆ ತಯಾರಾಗುವಾಗ ಅಟ್ಟದಿಂದ ಕಾರ್ಡುಗಳ ಪೆಟ್ಟಿಗೆ ಇಳಿಸಿದೆ. ಯೆಕ್ವಾನಾ ಕಾರ್ಡು ಸಿಕ್ಕಿತು, ಅಂಚು ಗೆದ್ದಲು ತಿಂದಿತ್ತು. ‘ಜೋಗುಳ’ ಎಂಬುದನ್ನು ಗೀಟು ಹಾಕಿ ಹೊಡೆದೆ. ಅದರ ಕೆಳಗೆ ಬರೆದೆ: ಅಚುದಿ. ಬಲ್ಲವನು ಹಾಡಿ ಊದುವುದು. ಹೊಸದಾಗಿ ಬಂದದ್ದರ ಮೇಲೆ, ಕೂಸಾದರೂ ಸರಿ, ಬುಟ್ಟಿಯಾದರೂ ಸರಿ. ಕೇಳುವವರು: ಕೂಸಲ್ಲ. ಜೊತೆಗೆ ನೋಡಿ, ಅದೇಮಿ. ಅದರ ನೆಂಟರು ಅರೆಮಿ, ಎಲೆಮಿ, ಎರೆಮುಕ್. ಅಷ್ಟಕ್ಕೆ ಕಾರ್ಡು ತುಂಬಿತು. ಮಾಸಿನ ಕಥೆಗೆ ಜಾಗ ಸಾಲಲಿಲ್ಲ, ಕಾರ್ಡು ತಿರುಗಿಸಿ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ.